ನನ್ನ ದಮಸಾಧನೆ

ಆರೋಗ್ಯದ ವಿಷಯದಲ್ಲಿ ಬುದ್ಧಿ ಹೇಳುವ ಹಕ್ಕು ಎಲ್ಲರಿಗೂ ಇದೆ ಎಂದು ಜನ ತಿಳಿದಿದ್ದಾರೆ. ನಾನು ಹಾಗೆ ತಿಳಿದಿಲ್ಲ. ಆ ಹಕ್ಕು ನನಗೊಬ್ಬನಿಗೇ ಇದೆ ಎಂಬುದು ನನ್ನ ದೃಢವಾದ ನಂಬಿಕೆ. ಉಳಿದವರು ಹತ್ತು ಸಾಧನೆ ಹೇಳಿ ಒಂದನ್ನೂ ಮಾಡುವುದಿಲ್ಲ. ನಾನು ಒಂದನ್ನೇ ಹೇಳುತ್ತೇನೆ, ಅದನ್ನು ದಿನಕ್ಕೆ ಮೂರು ಹೊತ್ತು ಮಾಡುತ್ತೇನೆ. ಬಾಯಿ ಮುಚ್ಚಿ, ಗಲ್ಲ ಉಬ್ಬಿಸಿ, ತಡೆಯುವಷ್ಟು ಹೊತ್ತು ಉಸಿರು ಹಿಡಿಯುವುದು. ಇಷ್ಟೇ. ಇದಕ್ಕೆ ಚಾಪೆ ಬೇಡ, ಲಂಗೋಟಿ ಬೇಡ, ನಸುಕಿನಲ್ಲಿ ಏಳುವುದಂತೂ ಬೇಡವೇ ಬೇಡ. ನಾನು ಕಾರಕೂನನಾಗಿರುವ ಬೆಳಗಾವಿಯ ಕಚೇರಿಯಲ್ಲಿ ನನ್ನ ಮಾತು ಕೇಳಿ ಐದಾರು ಮಂದಿ ಮಧ್ಯಾಹ್ನ ಗಲ್ಲ ಉಬ್ಬಿಸಿಕೊಂಡು ಕೂಡುತ್ತಾರೆ. ಅರ್ಜಿ ಹಿಡಿದು ಬಂದವರು ಅವರ ಮುಖ ನೋಡಿ, ಸಾಹೇಬರು ಸಿಟ್ಟಿನಲ್ಲಿದ್ದಾರೆಂದು ಪಡಸಾಲೆಯಲ್ಲೇ ನಿಲ್ಲುತ್ತಾರೆ. ಆ ಕಚೇರಿಯಲ್ಲಿ ಅಷ್ಟು ಶಾಂತಿ ಹಿಂದೆಂದೂ ಇರಲಿಲ್ಲ.

ಈ ಸಾಧನೆ ನನಗೆ ದಕ್ಕಿದ್ದು ನನ್ನ ಸಿಟ್ಟಿನಿಂದ. ನಾವು ಜೈನರು. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು; ಮುಳುಗಿದ ಮೇಲೆ ಒಂದು ಅಗುಳೂ ಬಾಯಿಗೆ ಹೋಗುವಂತಿಲ್ಲ. ನನ್ನ ಮೇಲಿನ ಅವ್ವಲ ಕಾರಕೂನರು ಜೈನರಲ್ಲ. ದಿನದ ಅತ್ಯಂತ ತುರ್ತು ಕಾಗದ ಅವರಿಗೆ ನೆನಪಾಗುತ್ತಿದ್ದುದು ಸರಿಯಾಗಿ ಬಿಸಿಲು ಕೆಂಪಗಾದಾಗ. ಅದನ್ನು ಮುಗಿಸಿ, ರುಮಾಲು ಕಂಕುಳಲ್ಲಿ ಹಿಡಿದು, ಸೂರ್ಯನ ಸಂಗಡ ಪಂದ್ಯ ಕಟ್ಟಿದವನಂತೆ ನಾನು ಮನೆಗೆ ಓಡಬೇಕು. ಅವ್ವಲ ಕಾರಕೂನರಿಗೆ ಹೇಳಬೇಕಾದ ಮಾತೆಲ್ಲ ಗಂಟಲಲ್ಲೇ ಉಳಿದಿರುತ್ತಿತ್ತು. ಹೊಸ್ತಿಲು ದಾಟಿದೊಡನೆ ಅದಷ್ಟೂ ಹೆಂಡತಿ ಪದ್ಮಾವತಿಯ ಮೇಲೆ ಸುರಿಯುತ್ತಿತ್ತು. ರೊಟ್ಟಿ ಇನ್ನೂ ಹಂಚಿನ ಮೇಲಿದ್ದರಂತೂ ಕೇಳುವುದೇ ಬೇಡ.

"ಒಂಚೂರು ತಡ್ಕೋರಿ, ಬಡಿಯಾಕತ್ತೀನಿ" ಎನ್ನುತ್ತಿದ್ದಳು ಆಕೆ. ಮದುವೆಯಾದಾಗಿನಿಂದ ಎಂಟು ವರ್ಷ ಇದನ್ನೇ ಎಂದಳು. ನಾನು ಒಂಚೂರೂ ತಡೆದುಕೊಳ್ಳಲಿಲ್ಲ. ಒಂದು ಸಂಜೆ ಹೀರೇಕಾಯಿ ಪಲ್ಯದ ಬಟ್ಟಲನ್ನು ಗೋಡೆಗೆ ಎಸೆದೆ. ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಆಕೆ ಗೋಡೆ ಒರೆಸಿದಳು. ಮರುದಿನ ಟ್ರಂಕು ತುಂಬಿ, ಕನ್ನಡ ಮರಾಠಿ ಎರಡೂ ನಡೆಯುವ ಖಾನಾಪುರ ತಾಲೂಕಿನ ಪಾರಿಶ್ವಾಡದಲ್ಲಿರುವ ತವರಿಗೆ ಹೊರಟು ನಿಂತಳು. "ಸಿಟ್ಟು ಬಿಟ್ಟ ಮ್ಯಾಲೆ ಕರಿಯಾಕ ಬರ್ರಿ. ಅಲ್ಲೀತನಕ ಬರಬ್ಯಾಡ್ರಿ" ಎಂದು ಮೆತ್ತಗೆ ಹೇಳಿದಳು. ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಸಿಟ್ಟು ಬಿಡುವುದಕ್ಕೆ ನಾನು ಮಾಡದ ಉಪಾಯವಿಲ್ಲ. ಸೂರ್ಯನಮಸ್ಕಾರ ಶುರುಮಾಡಿದೆ, ಐದನೆಯ ದಿನ ಬಗ್ಗಿದವನು ಮೇಲೇಳಲಾರದೆ, ಪಕ್ಕದ ಮನೆಯವರು ಬಂದು ನಿಲ್ಲಿಸಬೇಕಾಯಿತು. ತಣ್ಣೀರ ಸ್ನಾನ ಮಾಡಿದೆ. ನೆಗಡಿ ಬಂತು, ನೆಗಡಿಯ ಮೇಲೆ ಸಿಟ್ಟು ಬಂತು. ಮುಂಜಾನೆ ಕೋಟೆಯ ಸುತ್ತ ಗಾಳಿಸೇವನೆಗೆ ಹೊರಟೆ. ನನ್ನ ಮುಂದೆ ತೀರ ನಿಧಾನವಾಗಿ ನಡೆಯುತ್ತಿದ್ದ ಸಭ್ಯಗೃಹಸ್ಥರೊಬ್ಬರ ಸಂಗಡ ಜಗಳವಾಯಿತು. ಸಿಟ್ಟು ಬಂದಾಗ ನೂರರವರೆಗೆ ಎಣಿಸಬೇಕೆಂದು ಕಚೇರಿಯ ಗೆಳೆಯರು ಹೇಳಿದರು. ಅರವತ್ತರ ಹತ್ತಿರ ಯಾರೋ ಮಾತಾಡಿಸಿ ಎಣಿಕೆ ತಪ್ಪಿಸಿದರು. ಅವರಿಗೆ ನಾನು ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಎರಡು ತಿಂಗಳು ಕಳೆದವು. ಬೆಂದ ಅನ್ನ, ಬೇಯದ ಅನ್ನ, ಎರಡನ್ನೂ ನಾನೇ ಮಾಡಿ ನಾನೇ ಉಂಡೆ. ಬೈಯಲು ಮನೆಯಲ್ಲಿ ಯಾರೂ ಇರಲಿಲ್ಲ. ಅದೇ ದೊಡ್ಡ ದುಃಖವಾಯಿತು. ಕೊನೆಗೆ ಸಿಟ್ಟು ಇದ್ದಷ್ಟೇ ಇದ್ದರೂ ಗಟ್ಟಿ ಮನಸ್ಸು ಮಾಡಿ ಖಾನಾಪುರದ ರೈಲು ಹತ್ತಿದೆ.

ಖಾನಾಪುರದಲ್ಲಿ ಇಳಿದರೆ ಪಾರಿಶ್ವಾಡದ ಬಂಡಿ ಬರುವುದು ಮಧ್ಯಾಹ್ನ. ಅಲ್ಲಿಯತನಕ ಏನು ಮಾಡುವುದೆಂದು ಹೊಳೆಯ ಕಡೆ ಹೋದರೆ ಅಲ್ಲೊಂದು ತಾಲೀಮು ಖೋಲಿ. ಹುಡುಗರಿಗೆ ಕುಸ್ತಿ ಕಲಿಸಿ ಕಲಿಸಿ ಮುದುಕರಾದ ವಸ್ತಾದರೊಬ್ಬರು ಕಟ್ಟೆಯ ಮೇಲೆ ಕೂತಿದ್ದರು. ಅವರ ಮುಖದ ಶಾಂತಿ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಅವರಿಗೆ ಮರಾಠಿ ಬಿಟ್ಟು ಬೇರೆ ಬಾರದು. ನಾನು ಅಪ್ಪಟ ಕನ್ನಡದ ಸವದತ್ತಿ ಕಡೆಯವನು. ಆದರೆ ಬೆಳಗಾವಿಯಲ್ಲಿ ಕಾಯಿಪಲ್ಯ ಕೊಂಡು ಕೊಂಡು ನನ್ನ ಮರಾಠಿ ಬಹಳ ಸುಧಾರಿಸಿದೆ ಎಂಬ ಅಭಿಮಾನವಿತ್ತು. ಆ ಮರಾಠಿಯಲ್ಲಿ ನನ್ನ ಕಥೆಯೆಲ್ಲ ಹೇಳಿಕೊಂಡೆ. ದಿನಾಲು ಮಾಡುವಂಥ ಒಂದು ಸಾಧನೆ ಹೇಳಿರಿ ಎಂದೆ. ಅವರು ಬಾಯಿ ತೆರೆಯುವ ಮೊದಲೇ, ಮುಂಜಾನೆ ಮಾಡಲೋ ಸಂಜೆಯೋ, ಉಂಡು ಮಾಡಲೋ ಉಪವಾಸವೋ, ಎಷ್ಟು ದಿನಕ್ಕೆ ಗುಣ, ಎಂದು ಒಂದರ ಮೇಲೊಂದು ಕೇಳಿದೆ.

ವಸ್ತಾದರು ಕೈ ಎತ್ತಿ, "ಅಹೋ, ದಮ ಧರಾ! ದಮ ಧರಾ!" ಎಂದರು.

ದಮ ಎಂದರೆ ಉಸಿರು, ಧರಾ ಎಂದರೆ ಹಿಡಿಯಿರಿ. ಆಹಾ, ಎಷ್ಟು ಚಿಕ್ಕ ಉಪದೇಶ! ಅಲ್ಲೇ ಹಿಡಿದೆ. ಆಮೇಲೆ ಅವರು ಬಹಳ ಹೊತ್ತು ಏನೇನೋ ಹೇಳಿದರು. ನನ್ನ ಕಿವಿ ಗುಂಯ್‌ಗುಡುತ್ತಿದ್ದುದರಿಂದ ಒಂದೂ ಕೇಳಿಸಲಿಲ್ಲ. ಉಸಿರು ಬಿಟ್ಟು, "ಮುಂದೇನು?" ಎಂದು ಗಡಿಬಿಡಿಯಿಂದ ಕೇಳಿದೆ. "ಜರಾ ದಮ ಧರಾ ಕೀ!" ಎಂದರು, ಈ ಸಲ ಸ್ವಲ್ಪ ಜೋರಾಗಿ. ಇನ್ನು ಸಂಶಯವೇ ಉಳಿಯಲಿಲ್ಲ. ಅವರ ಕಾಲು ಮುಟ್ಟಿ ನಮಸ್ಕರಿಸಿ ಬಂಡಿಯ ಕಡೆ ನಡೆದೆ.

ಪಾರಿಶ್ವಾಡದಲ್ಲಿ ಮಾವನವರು "ಬರ್ರಿ ಅಳಿಯಾರ, ಕುಂದರ್ರಿ" ಎಂದು ಕಂಬಳಿ ಹಾಸಿದರು. ಪದ್ಮಾವತಿ ಹೊರಗೇ ಬರಲಿಲ್ಲ. ಬಿಸಿಲು ಇಳಿಯಿತು. ಹಿತ್ತಲ ಬೇವಿನ ಮರಕ್ಕೆ ಸೂರ್ಯ ಬಂದ. ಒಳಗೆ ರೊಟ್ಟಿ ಬಡಿಯುವ ಸದ್ದೇ ಇಲ್ಲ. ಬೇಕೆಂದೇ ತಡಮಾಡುತ್ತಿದ್ದಾಳೆಂದು ನನಗೆ ಗೊತ್ತಾಯಿತು. ಎಂಟು ವರ್ಷದ ಕೂಗು ಗಂಟಲಿಗೆ ಬಂತು. ತಟ್ಟನೆ ಬಾಯಿ ಮುಚ್ಚಿ ದಮ ಹಿಡಿದೆ. ಬಿಟ್ಟೆ, ಮತ್ತೆ ಹಿಡಿದೆ. ಹೀಗೆ ಹಿಡಿದು ಬಿಡುವುದರೊಳಗೆ ಹೊತ್ತು ಮುಳುಗಿತು, ಊಟವೂ ಮುಳುಗಿತು. ನಾನು ಕೂಗಲಿಲ್ಲ. ಉಸಿರು ಹಿಡಿದವನು ಕೂಗಲಾರ ಎಂಬ ಮಹಾಸತ್ಯ ನನಗೆ ಹೊಳೆದದ್ದು ಆ ಹಸಿವಿನಲ್ಲಿ.

ಬಾಗಿಲ ಸಂದಿಯಿಂದ ನೋಡುತ್ತಿದ್ದ ಪದ್ಮಾವತಿ ಹೊರಗೆ ಬಂದಳು. "ಏನ್ರಿ ಇದು, ಗಲ್ಲ ಉಬ್ಬಿಸಿಕೊಂಡು?"

ವಸ್ತಾದರ ಉಪದೇಶವನ್ನು ಅಕ್ಷರಶಃ ಹೇಳಿದೆ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಗಂಡನ ಸಾಧನೆ ಕಂಡು ಅಳು ಬಂದಿರಬೇಕು ಎಂದುಕೊಂಡೆ.

ಮರುದಿನ ನನ್ನ ಜೊತೆ ಹೊರಟಳು. ಆದರೆ ಮನೆಗೆ ಬಂದವಳು ಟ್ರಂಕನ್ನು ಮೂಲೆಯಲ್ಲಿಟ್ಟು, "ಬಂದೀನಿ ಖರೇ. ಟ್ರಂಕ ಮಾತ್ರ ಈಗ ಖಾಲಿ ಮಾಡಂಗಿಲ್ಲ" ಎಂದಳು. ಬೇಕಾದ ಸೀರೆ ತೆಗೆದು ತಿರುಗಿ ಕೀಲಿ ಹಾಕುತ್ತಿದ್ದಳು. ಒಂದು ವರ್ಷ ದಿನಾ ಸಂಜೆ ನಾನು ಓಡುತ್ತಾ ಬಂದು ಮೊದಲು ನೋಡುತ್ತಿದ್ದುದು ರೊಟ್ಟಿಯನ್ನಲ್ಲ, ಆ ಟ್ರಂಕನ್ನು. ಅದು ಮೂಲೆಯಲ್ಲಿರುವತನಕ ನನ್ನ ಉಸಿರು ಗಟ್ಟಿಯಾಗಿತ್ತು.

ಹೋದ ವಾರ ಪೇಟೆಯಲ್ಲಿ ಆ ವಸ್ತಾದರು ಸಿಕ್ಕರು. ಬಿಡುತ್ತೇನೆಯೇ? ಊಟಕ್ಕೆಂದು ಮನೆಗೆ ಎಳೆದುಕೊಂಡು ಬಂದೆ. ಇವರೇ ನನ್ನ ಗುರುಗಳೆಂದು ಪರಿಚಯಿಸಿ, ಸಾಧನೆಯ ಎರಡನೆಯ ಪಾಠ ಹೇಳಿರೆಂದು ಅವರನ್ನು ಕಾಡತೊಡಗಿದೆ. ಹೊತ್ತು ಮುಳುಗುವುದರಲ್ಲಿತ್ತು. ರೊಟ್ಟಿ ಬಡಿಯುತ್ತಿದ್ದ ಪದ್ಮಾವತಿ ಒಳಗಿನಿಂದಲೇ ಅತಿಥಿಗೆ, "ಜರಾ ದಮ ಧರಾ" ಎಂದಳು.

ನಾನು ಕೂಡಲೇ ಹಿಡಿದೆ. ಗುರುಗಳು ಹಿಡಿಯಲಿಲ್ಲ! ಆರಾಮಾಗಿ ಉಸಿರಾಡುತ್ತಾ ಗೋಡೆಗೆ ಒರಗಿದರು. ನಾನು ಸನ್ನೆಯಿಂದ ಹಿಡಿಯಿರಿ, ಹಿಡಿಯಿರಿ ಎಂದೆ. ಅವರು ಗಾಬರಿಯಾಗಿ, ಯಜಮಾನರಿಗೆ ಉಬ್ಬಸವೇ ಎಂದು ಪದ್ಮಾವತಿಯನ್ನು ಕೇಳಿದರು. ಆಕೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಮರಾಠಿಯಲ್ಲಿ ಏನೋ ಹೇಳಿದಳು. ವಸ್ತಾದರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವತನಕ ನಕ್ಕರು.

"ದಮ ಧರಾ ಅಂದ್ರ ಉಸರ ಹಿಡೀರಿ ಅಂತಲ್ರಿ" ಎಂದಳು ಪದ್ಮಾವತಿ. "ಗಡಿಬಿಡಿ ಮಾಡಬ್ಯಾಡ್ರಿ, ತಡ್ಕೋರಿ ಅಂತ."

"ನಿನಗ ಮೊದಲ ಗೊತ್ತಿತ್ತೇನು?"

"ಪಾರಿಶ್ವಾಡದಾಗ ನೀವು ಹೇಳಿದ ದಿನಾನ ಗೊತ್ತಾತು."

"ಮತ್ತ ಒಂದು ವರ್ಷ ಯಾಕ ಹೇಳಲಿಲ್ಲ?"

"ತಡ್ಕೋರಿ ಅಂತ ನಾ ಎಂಟು ವರ್ಷ ಹೇಳೀನಿ. ಕೇಳಿದ್ರೇನು? ತಿಳೀಲಾರದ ಭಾಷಾದಾಗ ಅವರು ಹೇಳಿದ ಕೂಡಲೇ ಕೇಳಿದ್ರಿ. ತಿಳಿದಿದ್ರ ಬಿಟ್ಟುಬಿಡ್ತಿದ್ರಿ, ಅದಕ್ಕ ಹೇಳಲಿಲ್ಲ."

ಪರರ ಮುಂದೆ ಇಂಥ ಮಾತು! ನನ್ನ ನೆತ್ತಿ ಬಿಸಿಯಾಯಿತು. ಗಲ್ಲ ತಾವಾಗಿಯೇ ಉಬ್ಬಿದವು. ಪದ್ಮಾವತಿ ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಕೈ ತೊಳೆದು, ಸೊಂಟದ ಕೀಲಿ ತೆಗೆದು ಟ್ರಂಕು ತೆರೆದಳು. ಒಂದು ಹೊಸ ಧೋತರ ತೆಗೆದು ವಸ್ತಾದರ ಮುಂದಿಟ್ಟು ನಮಸ್ಕರಿಸಿದಳು. ಆಮೇಲೆ ಉಳಿದ ಸೀರೆಗಳನ್ನೆಲ್ಲ ಒಂದೊಂದಾಗಿ ತೆಗೆದು ಗೋಡೆಯ ಮಾಡದಲ್ಲಿ ಇಡತೊಡಗಿದಳು.

ಆಕೆಯ ಮಾತಿಗೆ ನನ್ನ ಹತ್ತಿರ ಬಹಳ ಖಡಕ್ಕಾದ ಉತ್ತರವಿತ್ತು. ಆದರೆ ದಮ ಹಿಡಿದಿದ್ದೆ. ಬಿಡುವುದರೊಳಗೆ ಅದು ಮರೆತುಹೋಯಿತು.