ಮರದ ಮನೆಗೆ ಹಿರಿಯರು ಬಂದದ್ದು

ಸ್ವಂತ ಮನೆ ಕಟ್ಟಿಸಿದವನು ಅದರ ಕುಂದನ್ನು ತಾನಾಗಿ ಒಪ್ಪಿಕೊಂಡದ್ದನ್ನು ನಾನಂತೂ ಕಂಡಿಲ್ಲ. ನನ್ನದು ಮರದ ಮನೆ. ಹೊಂಗನೂರಿನ ಬಳಿ ನಮ್ಮ ಹಿಪ್ಪುನೇರಳೆ ತೋಟದ ಮೂಲೆಯಲ್ಲಿ, ಬಿಡದಿಯ ಕಾರ್ಖಾನೆಗಳಿಗೆ ಯಂತ್ರ ಬಂದ ಪೆಟ್ಟಿಗೆಗಳ ಹಲಗೆ ತಂದು ಕಟ್ಟಿಸಿದ ಒಂದೇ ಕೋಣೆ. ಯಾವ ಕಡೆ ಮೇಲಿರಬೇಕೆಂದು ತೋರಿಸುವ ಬಾಣ ಗೋಡೆಯ ಮೇಲೆ ಈಗಲೂ ಇದೆ. ಬಡಗಿಯ ಅವಸರದಲ್ಲಿ ಅದು ನೆಲ ತೋರಿಸುತ್ತಿದೆ. ಪಕ್ಕದಲ್ಲಿ, ಒಡೆಯುವ ಸಾಮಾನು ಜೋಪಾನ ಎಂದು ತಿಳಿಸುವ ಗಾಜಿನ ಲೋಟದ ಚಿತ್ರ. ಬೇಸಿಗೆಯಲ್ಲಿ ಹಲಗೆಗಳು ಒಣಗಿ ಸಂದು ಬಿಟ್ಟಾಗ ನಾನು ಅದನ್ನು ಗಾಳಿ ಬೆಳಕು ಎಂದೆ. ಚಳಿಗಾಲದಲ್ಲಿ ಅದೇ ಸಂದಿನಿಂದ ಬಂದ ಚಳಿಯನ್ನು ಆರೋಗ್ಯ ಎಂದೆ. ಈ ಮರ ಮಳೆಗೆ ಉಬ್ಬುವ ಜಾತಿಯದೇ ಅಲ್ಲ ಎಂದು ಹೆಂಡತಿ ಜಯಮ್ಮನಿಗೆ ಹೇಳಿ, ಅವಳು ಹೊರಗೆ ಹೋದಾಗಲೆಲ್ಲ ಬಾಗಿಲಿನ ಅಂಚಿಗೆ ಹರಳೆಣ್ಣೆ ಹಚ್ಚುತ್ತಿದ್ದೆ.

ಪಿತೃಪಕ್ಷ ಬಂತು. ಜಯಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟಳು. ಹಿರಿಯರಿಗೆ ಎಡೆ ಇಟ್ಟರೇ ಅದು ಮನೆ. ಬೈರಾಪಟ್ಟಣದ ನನ್ನ ಸೋದರತ್ತೆ ಸಾಕಮ್ಮ ಬಂದು ಒಪ್ಪಿದರೆ ತಾನು ಇಲ್ಲಿರುತ್ತಾಳೆ, ಇಲ್ಲದಿದ್ದರೆ ದಸರಾ ಹೊತ್ತಿಗೆ ಚನ್ನಪಟ್ಟಣದಲ್ಲಿ ಬಾಡಿಗೆ ಮನೆ. ನನಗೆ ನಿಜವಾಗಿ ಭಯವಾಯಿತು. ಸಾಕಮ್ಮತ್ತೆ ಒಪ್ಪಿದ್ದನ್ನು ನಮ್ಮ ವಂಶದಲ್ಲಿ ಯಾರೂ ಕಂಡವರಿಲ್ಲ.

ಅತ್ತೆ ಬಂದರು, ಜೊತೆಗೆ ನೆಂಟರ ಹಿಂಡೂ ಬಂತು. ಅತ್ತೆ ಗೋಡೆಯ ಲೋಟದ ಚಿತ್ರವನ್ನು ದಿಟ್ಟಿಸಿ, ನಿಮ್ಮಪ್ಪನಿಗೆ ಅಂತ ಬರೆಸಿದೆಯಾ ಎಂದು ಕೇಳಿದರು. ನಾನು ಹೌದೆಂದೆ. ಅಪ್ಪನ ಫೋಟೋದ ಮುಂದೆ ಮಟನ್ ಸಾರು, ಮುದ್ದೆ, ವಡೆ, ಹೊಸ ಪಂಚೆ, ಒಂದು ಕ್ವಾರ್ಟರ್ ಬ್ರಾಂದಿ ಎಲ್ಲ ಇಟ್ಟಾಯಿತು. ಹಿರಿಯರು ಬಂದು ಉಣ್ಣಲೆಂದು ಪದ್ಧತಿಯಂತೆ ಎಲ್ಲರೂ ಹೊರಗೆ ಬಂದು ಬಾಗಿಲು ದೂಡಿ ಮುಚ್ಚಿದೆವು. ಸ್ವಲ್ಪ ಹೊತ್ತು ಬಿಟ್ಟು ತೆಗೆಯಲು ಹೋದರೆ ಬಾಗಿಲು ಬರಲಿಲ್ಲ. ಮೂರು ದಿನದ ಜಡಿಮಳೆ. ಹಬ್ಬದ ಗಡಿಬಿಡಿಯಲ್ಲಿ ನಾನು ಹರಳೆಣ್ಣೆ ಮರೆತಿದ್ದೆ.

ನಾನು ಬೆವರುತ್ತಾ ಇನ್ನೊಮ್ಮೆ ಜಗ್ಗಿದಾಗ ಅತ್ತೆ ಕೈ ಹಿಡಿದರು. "ಬಾಗ್ಲು ಎಳೀಬೇಡ ಕಣ್ಲಾ. ನಿಮ್ಮಪ್ಪ ಇನ್ನೂ ಉಣ್ತಾವ್ನೆ."

ಬದುಕಿದ್ದಾಗ ಅಪ್ಪ ಎರಡು ತುತ್ತು ನುಂಗಿ ರೇಷ್ಮೆ ಹುಳದ ಮನೆಗೆ ಓಡುತ್ತಿದ್ದವನು. ಈಗ ಅರ್ಧ ಗಂಟೆಯಾದರೂ ಏಳಲಿಲ್ಲ. ಹಿಪ್ಪುನೇರಳೆ ಗಿಡಗಳು ಸೊಂಟದೆತ್ತರ, ನಿಲ್ಲಲು ಮರೆಯಿಲ್ಲ, ಮೇಲೆ ತುಂತುರು, ಸಂದಿನಿಂದ ಮಟನ್ ವಾಸನೆ. ನೆಂಟರು ನನ್ನನ್ನು ನೋಡುವ ನೋಟ ಬದಲಾಯಿತು. ಒಳಗಿನಿಂದ ಬಾಗಿಲು ದೂಡೋಣವೆಂದು ನಾನು ಮೆಲ್ಲಗೆ ಹಿತ್ತಲಿಗೆ ಹೋಗಿ ಕಿಟಕಿಯಲ್ಲಿ ತೂರಿದೆ. ತಲೆ, ಹೆಗಲು, ಹೊಟ್ಟೆಯ ಬಹುಪಾಲು ಒಳಗೆ ಹೋದವು. ಸೊಂಟ ನಿಂತುಬಿಟ್ಟಿತು. ಎದುರಿಗೆ ಅಪ್ಪನ ಫೋಟೋ, ಹಿಂದೆ ಮಳೆ. ಅಲ್ಲಿ ನೇತಾಡುತ್ತಾ ನಾನು ಮನಸಾರೆ ಒಪ್ಪಿಕೊಂಡೆ: ಜಯಮ್ಮ ಹೇಳಿದ್ದೇ ಸರಿ, ಇದು ಮನೆಯಲ್ಲ, ನಾಳೆಯೇ ಚನ್ನಪಟ್ಟಣದಲ್ಲಿ ಸಿಮೆಂಟಿನ ಮನೆ ಹುಡುಕಬೇಕು. ಆ ಸಂಕಟದಲ್ಲಿ ಕಾಲು ಜಾಡಿಸಿ ಗೋಡೆಗೆ ಒದ್ದೆ. ಇಡೀ ಮನೆ ಅಲ್ಲಾಡಿತು.

ಮುಂದುಗಡೆ ಅತ್ತೆ, ಅಣ್ಣಾ ಉಂಡಿದ್ದು ಸಾಕು, ಮಕ್ಕಳು ಹಸಿದವ್ರೆ ಎಂದು ಕರ್ಪೂರ ಬೆಳಗಿ ಬಾಗಿಲು ಎಳೆದರು. ಅಲ್ಲಾಡಿದ ಚೌಕಟ್ಟು ಸಡಿಲವಾಗಿತ್ತೋ ಏನೋ, ಬಾಗಿಲು ಸಲೀಸಾಗಿ ಬಂತು. ಒಳಗೆ ಬಂದವರೆಲ್ಲ ಮೊದಲು ಫೋಟೋಗೆ, ಆಮೇಲೆ ನನ್ನ ತಲೆಗೆ ಕೈಮುಗಿದರು.

ಅತ್ತೆ ತೀರ್ಪು ಕೊಟ್ಟರು. "ಯಾವ ಮನೇಲೂ ಇಷ್ಟೊತ್ತು ಕುಂತೋನಲ್ಲ ನಮ್ಮಣ್ಣ. ಅಗಳಿ ಹಾಕ್ಕಂಡು ಉಂಡವ್ನೆ."

ನೆಂಟರು ನನ್ನನ್ನು ಕಿಟಕಿಯಿಂದ ಎಳೆದು ಬಿಡಿಸಿ, ಉಂಡು ಹೊರಟ ಮೇಲೆ ನಾನು ನನ್ನ ಸೋಲನ್ನು ಹೇಳಲು ಬಾಯಿ ತೆರೆದೆ. ನೋಡಿದರೆ ಜಯಮ್ಮನ ಕಣ್ಣು ಒದ್ದೆ.

"ಮಾವ್ನೋರ್ಗೇ ಎದ್ದೋಗಕೆ ಮನ್ಸು ಬರ್ನಿಲ್ಲ. ನಾನೆಂಗ್ ಬುಟ್ಟೋಗ್ಲಿ?"

ಹೋಗೋಣ ಎನ್ನಬೇಕಾದರೆ ಮರ ಉಬ್ಬಿತ್ತೆಂದು ಹೇಳಬೇಕು. ಅದು ನನ್ನಿಂದಾಗುವ ಮಾತೇ? ನಾನು ಮೊದಲೇ ಹೇಳಿರಲಿಲ್ಲವೇ ಎಂದು ಗೆದ್ದವನ ಮುಖ ಮಾಡಿ, ಸೊಂಟಕ್ಕೆ ಮುಲಾಮು ಹಚ್ಚಲು ಅವಳ ಕಡೆ ಬೆನ್ನು ತಿರುಗಿಸಿದೆ.