ಮಲಗಿ ಎದ್ದು ಹೇಳುತ್ತೇನೆ

ಮುಧೋಳದವರು ನಿಮ್ಮ ಸುಷ್ಮಾ ಅಕ್ಕನನ್ನು ನೋಡಲು ಬಂದ ದಿನ ಅಜ್ಜಿಯಾದ ಈ ಆಯಿ ಯಾಕೆ ನಡುಮನೆಯಲ್ಲಿ ಮಲಗಿದ್ದಳು ಎಂದು ನೀವು ಸಣ್ಣವರು ಮತ್ತೆ ಮತ್ತೆ ಕೇಳುತ್ತೀರಿ. ಕೇಳಿದಾಗಲೆಲ್ಲ ದೊಡ್ಡವರು ನಗುತ್ತಾರೆ, ನಾನು ಅಡುಗೆಮನೆಗೆ ಹೋಗುತ್ತೇನೆ. ಎದುರು ಕೂತು ಹೇಳಲು ನಾಚಿಕೆ. ಅದಕ್ಕೇ ಬರೆದಿಡುತ್ತಿದ್ದೇನೆ. ನೀವು ಓದಿ ನಕ್ಕರೆ ನನಗೆ ಕೇಳಿಸುವುದಿಲ್ಲವಲ್ಲ.

ತಪ್ಪು ಇಂಗ್ಲಿಷಿನದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಗಲಗಲಿಯ ಸಾಲೆಯಲ್ಲಿ ನಾನು ಏಳನೆಯ ತರಗತಿಯ ತನಕ ಓದಿದೆ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳೂ ಬರುತ್ತಿದ್ದವು. ಅವಕ್ಕೆ ಕೊಡಲು ಕೆಲಸ ಮಾತ್ರ ಇರಲಿಲ್ಲ. ಮದುವೆಯಾಗಿ ಬನಹಟ್ಟಿಗೆ ಬಂದೆ. ನೇಕಾರರ ಓಣಿ, ಬೆಳಗಿನಿಂದ ರಾತ್ರಿಯವರೆಗೆ ಮಗ್ಗದ ಸದ್ದು. ಇಲ್ಲಿ ಮಾತಾಡುವುದೆಂದರೆ ಕೂಗುವುದು. ನನಗೆ ಕೂಗಲು ಬಾರದು. ಹೀಗಾಗಿ ನಲವತ್ತೈದು ವರ್ಷ ಸುಮ್ಮನಿದ್ದೆ. ನಿಮ್ಮ ಅಜ್ಜ ಇದ್ದಾಗ ಮನೆಯ ಮಾತು ಅವರದಿತ್ತು, ಅವರು ಹೋದ ಮೇಲೆ ಮಗ ಮಲ್ಲಪ್ಪನದಾಯಿತು. ನನ್ನ ಪಾಲಿಗೆ ಬಾಗಿಲ ಹಿಂದೆ ನಿಂತು ತಲೆ ಆಡಿಸುವ ಕೆಲಸ. ಅದರಲ್ಲಿ ನಾನು ಒಮ್ಮೆಯೂ ತಪ್ಪಿದವಳಲ್ಲ.

ಹೋದ ಬೇಸಿಗೆಯಲ್ಲಿ ನಿಮ್ಮ ಪಲ್ಲವಿ ಅಕ್ಕ ಹತ್ತನೆಯ ತರಗತಿಗೆಂದು ಇಂಗ್ಲಿಷ್ ನುಡಿಗಟ್ಟುಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ನಾನು ಸೇವಿಗೆ ಒಣಹಾಕುತ್ತ ಕೇಳುತ್ತಿದ್ದೆ. ಕೇಳುತ್ತ ಕೇಳುತ್ತ ಮನಸ್ಸು ಎಲ್ಲೋ ತೇಲಿತು. ಮಾತು ಬಾರದವಳಿಗೆ ಇದೆಷ್ಟು ಅನುಕೂಲ! ಹೊಲಿದಿಟ್ಟ ಕುಪ್ಪಸದ ಹಾಗೆ ಸಿದ್ಧ ಮಾತು. ತೊಟ್ಟುಕೊಂಡು ಹೊರಗೆ ಹೋಗುವುದೊಂದೇ ಬಾಕಿ.

"ನನಗೂ ದಿನಾ ಒಂದ ಕಲಿಸ ಬೇ" ಎಂದೆ.

"ಕಲಿಸ್ತೇನಿ ಆಯಿ. ಆದ್ರ ಕಲತದ್ದನ್ನ ಅವತ್ತ ಹೊತ್ತು ಮುಳುಗೋದ್ರಾಗ ಹೊರಗಿನವ್ರ ಮುಂದ ಒಮ್ಮೆರ ಹೇಳಬೇಕು. ಮನಿಯವ್ರ ಮುಂದ ಹೇಳಿದ್ರ ಲೆಕ್ಕಕ್ಕಿಲ್ಲ" ಎಂದಳು ಆಕೆ.

ಮೊದಲ ದಿನ 'ಲಾಂಗ್ ಟೈಮ್ ನೋ ಸೀ'. ಬಹಳ ದಿನದ ಮೇಲೆ ಕಂಡವರಿಗೆ ಹೇಳುವ ಮಾತು. ಬಹಳ ದಿನದ ಮೇಲೆ ಕಾಣುವವರನ್ನು ಒಂದೇ ದಿನದಲ್ಲಿ ನಾನು ಎಲ್ಲಿಂದ ತರಲಿ? ದಿನಕ್ಕೆರಡು ಸಲ ಬರುವ ಹಾಲಿನ ಶಿವಕ್ಕನಿಗೇ ಹೇಳಿಬಿಟ್ಟೆ. ಆಕೆ ಚರಿಗೆ ಕೆಳಗಿಟ್ಟು, "ದೇವರಾಣಿ ನೀರ ಹಾಕಿಲ್ಲರೀ ಅಕ್ಕಾ" ಎಂದಳು.

ಎರಡನೆಯದು, ಚೆಲ್ಲಿದ ಹಾಲಿಗೆ ಅಳಬೇಡ ಎನ್ನುವುದು. ಇದಕ್ಕೆ ಹಾಲು ಚೆಲ್ಲಬೇಕು, ಯಾರಾದರೂ ಅಳಲೂಬೇಕು. ಪಕ್ಕದ ಮನೆಯ ನಾಗವ್ವನನ್ನು ಚಹಾಕ್ಕೆ ಕರೆದು, ಒಲೆ ಜೋರು ಮಾಡಿ, ಹಾಲು ಉಕ್ಕುವುದನ್ನೇ ನೋಡುತ್ತ ನಿಂತೆ. ಉಕ್ಕುವ ಹಾಲು ಎಷ್ಟು ಚೆಂದ! ಬಿಳಿ ಮೋಡ ಎದ್ದುಬಂದ ಹಾಗೆ. ಮೋಡ ಕಟ್ಟೆಯ ತುಂಬ ಹರಿಯಿತು. ಚಹಾ ಇಲ್ಲವೆಂದು ತಿಳಿದು ನಾಗವ್ವ ಮುಖ ಸಣ್ಣದು ಮಾಡಿದಳು. ಅಳುವಿಗೆ ಅದು ಹತ್ತಿರವೇ ಎಂದು ತಿಳಿದು ಹೇಳಿ ಮುಗಿಸಿದೆ. ಒಲೆ ಒರೆಸುತ್ತಿದ್ದ ಸೊಸೆ ಶೋಭಾ ನನ್ನನ್ನೇ ನೋಡಿದಳು. ಅಳಲಿಲ್ಲ.

ನನ್ನ ರೀತಿ ನಿಮಗೆ ತಿಳಿಯಿತಲ್ಲ? ಜನ ಸಂದರ್ಭಕ್ಕೆ ಮಾತು ಹುಡುಕುತ್ತಾರೆ, ನಾನು ಮಾತಿಗೆ ಸಂದರ್ಭ ಹುಡುಕುತ್ತಿದ್ದೆ.

ಆಮೇಲೆ ಬಂತು ಆ ರವಿವಾರ. ಹಿಂದಿನ ಸಂಜೆ ಸುಷ್ಮಾ ರೊಟ್ಟಿ ಬಡಿಯುತ್ತ ನನ್ನ ಕಿವಿಯಲ್ಲಿ, "ಆಯಿ, ಹುಡುಗನ ಕೂಡ ಫೋನಿನ್ಯಾಗ ಮಾತಾಡೇನಿ. ನನ್ನ ಮನಸಿಗೆ ಬಂದಾನ. ಇದೊಂದು ಆತು ಅಂದ್ರ ಸಾಕು" ಎಂದಿದ್ದಳು. ಸೀರೆಯ ಸೆರಗಿಗೆ ಕಂಪ್ಯೂಟರಿನಲ್ಲಿ ಚಿತ್ತಾರ ಬರೆಯುವ ಹುಡುಗಿ, ತನಗೆಂದು ಏನನ್ನೂ ಕೇಳಿದವಳಲ್ಲ. ನಾನು ತಲೆ ಆಡಿಸಿದೆ.

ಹುಡುಗ ಆನಂದ ಮುಧೋಳದಲ್ಲಿ ದನದ ಡಾಕ್ಟರು. ಜೊತೆಗೆ ಅವನ ತಾಯಿ, ಮತ್ತು ಇಂಗ್ಲಿಷ್ ಕಲಿಸಿ ನಿವೃತ್ತರಾದ ಅವನ ದೊಡ್ಡಪ್ಪ, ಮಾಸ್ತರು. ಶಿರಾ ಆಯಿತು, ಉಪ್ಪಿಟ್ಟು ಆಯಿತು, ಹುಡುಗ ಹುಡುಗಿ ಒಪ್ಪಿದ್ದೂ ಆಯಿತು. ಒಬ್ಬರ ಬಾಯಲ್ಲೊಬ್ಬರು ಸಕ್ಕರೆ ಹಾಕಿದರೆ ಮಾತು ಗಟ್ಟಿ. ಸುಷ್ಮಾ ಸಕ್ಕರೆ ಬಟ್ಟಲು ಹಿಡಿದು ನಿಂತಿದ್ದಳು.

"ನಮ್ಮವ್ವನ್ನ ಒಂದ ಮಾತ ಕೇಳಿಬಿಡ್ತೇನ್ರಿ" ಎಂದು ಮಲ್ಲಪ್ಪ ಬಾಗಿಲ ಕಡೆ ತಿರುಗಿದ.

ತಲೆ ಆಡಿಸಿದ್ದರೆ ಮುಗಿಯುತ್ತಿತ್ತು. ಆದರೆ ಪಲ್ಲವಿ ಪಕ್ಕದಲ್ಲೇ ನಿಂತು ಕಣ್ಣಲ್ಲೇ ಕೇಳುತ್ತಿದ್ದಳು: ಇವತ್ತಿನದು ಹೇಳಿದೆಯಾ? ಹೇಳಿರಲಿಲ್ಲ. ಮನೆಯಲ್ಲಿ ಹೊರಗಿನವರೆಂದರೆ ಇವರೇ. ಹೊಸಿಲು ದಾಟಿ, ಸೆರಗು ಸರಿಮಾಡಿಕೊಂಡು ಸ್ಪಷ್ಟವಾಗಿ ಹೇಳಿದೆ:

"ಲೆಟ್ ಮಿ ಸ್ಲೀಪ್ ಆನ್ ಇಟ್."

ಮಾಸ್ತರು ಚಮಚ ಕೆಳಗಿಟ್ಟರು. ಅವರೊಬ್ಬರಿಗೆ ಪೂರ್ತಿ ಅರ್ಥವಾಗಿತ್ತು, ದುರ್ದೈವ ಅದೇ. "ಅವ್ವಾರು ಮಲಗಿ ಎದ್ದು, ವಿಚಾರ ಮಾಡಿ ಹೇಳ್ತೇನಿ ಅನ್ನಾಕತ್ತಾರ" ಎಂದು ಉಳಿದವರಿಗೆ ಬಿಡಿಸಿ ಹೇಳಿದರು.

ಸಾವಿರ ಎಳೆ ಒಮ್ಮೆಲೇ ಹರಿದ ಮಗ್ಗವನ್ನು ನೋಡುವಂತೆ ಮಲ್ಲಪ್ಪ ನನ್ನನ್ನು ನೋಡಿದ. ಸುಷ್ಮಾ ಬಟ್ಟಲು ಹಿಡಿದೇ ಒಂದು ಹೆಜ್ಜೆ ಹಿಂದೆ ಸರಿದಳು.

"ಇಲ್ರಿ, ನನ್ನ ಒಪ್ಪಿಗಿ ಐತ್ರಿ" ಎಂದೆ. ಹಿತ್ತಲ ಮಗ್ಗದ ಸದ್ದಿನಲ್ಲಿ ಅರ್ಧ ಮಾತು ಹೋಯಿತು. ಉಳಿದರ್ಧವನ್ನು ಮಾಸ್ತರು ಕೈ ಎತ್ತಿ ತಡೆದರು. "ನಮ್ಮ ಮುಲಾಜಿಗೆ ಹೇಳಬ್ಯಾಡ್ರಿ ಅವ್ವಾರ. ಹಿರೇರ ಮಾತು, ನಾವು ತಡಿತೇವಿ."

"ಎಲ್ಲಿ ತಡಿಯೋದರಿ ಭಾವಾರ? ನಾಳೆ ಮಣ್ಣೆತ್ತಿನ ಅಮವಾಸಿ, ನಾಡದ್ದರಿಂದ ಆಷಾಢ. ಇವತ್ತ ಸಕ್ಕರಿ ಆಗಲಿಲ್ಲಂದ್ರ ಜಮಖಂಡಿ ಕನ್ಯಾದವ್ರಿಗೆ ಹೂಂ ಅನ್ನೋದ ಆಗ್ತೈತಿ" ಎಂದರು ಹುಡುಗನ ತಾಯಿ.

ಮಾಸ್ತರು ಗಡಿಯಾರ ನೋಡಿದರು. "ಹಂಗಾರ ಈಗ ಮಲಗಲಿ. ರಾತ್ರಿನ ಮಲಗಬೇಕಂತ ಇಂಗ್ಲಿಷಿನ್ಯಾಗ ಎಲ್ಲೂ ಹೇಳಿಲ್ಲ."

ಹೀಗೆ, ಮಟಮಟ ಮಧ್ಯಾಹ್ನ, ಮೂರು ಜನ ಬೀಗರ ಸಮಕ್ಷಮದಲ್ಲಿ, ನನ್ನನ್ನು ವಿಧಿಪೂರ್ವಕವಾಗಿ ಮಲಗಿಸಲಾಯಿತು! ಶೋಭಾ ಕೌದಿ ಹಾಸಿದಳು. "ಲಗೂನ ನಿದ್ದಿ ಮಾಡ್ರಿ ಅತ್ತೀ" ಎಂದು ಹಲ್ಲು ಕಚ್ಚಿ ಇನ್ನೊಂದು ಕೌದಿ ಹೊದಿಸಿದಳು.

ಅವ್ವನ ನಿದ್ದೆ ಕೆಡಬಾರದೆಂದು ಮಲ್ಲಪ್ಪ ನಮ್ಮ ಮಗ್ಗ ನಿಲ್ಲಿಸಿದ. ಆಚೆ ಮನೆಗೆ ಓಡಿ, "ಸ್ವಲ್ಪ ನಿಂದರಸ್ರಿ, ನಮ್ಮವ್ವ ಮಲಗ್ಯಾಳ" ಎಂದ. ಅವರು ಅದರಾಚೆಯವರಿಗೆ ಹೇಳಿದರು. ಒಂದೊಂದಾಗಿ ಓಣಿಯ ಮಗ್ಗಗಳೆಲ್ಲ ನಿಂತವು.

ಮಕ್ಕಳೇ, ನಲವತ್ತೈದು ವರ್ಷ ನಾನು ಆ ಸದ್ದಿನ ತೊಟ್ಟಿಲಲ್ಲೇ ಮಲಗಿದವಳು. ಅದು ನಿಂತರೆ ನನಗೆ ನಿದ್ದೆ ಎಲ್ಲಿಂದ? ಕಣ್ಣು ಮುಚ್ಚಿ ಬಿದ್ದುಕೊಂಡೆ. ಗುಬ್ಬಿ ಹೆಂಚಿನ ಮೇಲೆ ನಡೆಯುವುದು ಕೇಳಿಸಿತು. ದೂರದ ದಾರಿಯಲ್ಲಿ ಸೈಕಲ್ಲಿನ ಗಂಟೆ. ಬನಹಟ್ಟಿಯಲ್ಲಿ ಇಷ್ಟೆಲ್ಲ ಸಣ್ಣ ಸದ್ದುಗಳಿವೆ ಎಂದು ನನಗೆ ಗೊತ್ತೇ ಇರಲಿಲ್ಲ. ಬರಬರುತ್ತ ಕೌದಿ ನೀರಾಯಿತು. ಗಲಗಲಿಯ ಹೊಳೆ, ನಾನು ತೆಪ್ಪದಲ್ಲಿದ್ದೇನೆ, ಹುಟ್ಟು ಹಾಕುತ್ತಿರುವವರು ನಿಮ್ಮ ಅಜ್ಜ. ಹೊಳೆಯ ಮೇಲೆ ಹಾಲಿನ ನೊರೆ. "ಗೌರಿ, ಏನ ವಿಚಾರ ಮಾಡಾಕತ್ತಿ?" ಎಂದರು. ಬದುಕಿದ್ದಾಗ ಒಮ್ಮೆಯೂ ಕೇಳದ ಮಾತು. ಉತ್ತರ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ದಂಡೆಯ ಮೇಲೆ ಯಾರೋ ಅಳತೊಡಗಿದರು.

ಅಳುತ್ತಿದ್ದದ್ದು ದಂಡೆಯ ಮೇಲಲ್ಲ, ನನ್ನ ತಲೆಯ ಹತ್ತಿರ. ನಮ್ಮ ಓಣಿಯಲ್ಲಿ ಹಾಡುಹಗಲು ಎಲ್ಲ ಮಗ್ಗ ಒಟ್ಟಿಗೆ ನಿಲ್ಲುವುದು ಒಂದೇ ಕಾರಣಕ್ಕೆ: ಯಾರಾದರೂ ತೀರಿಕೊಂಡಾಗ. 'ಗೌರವ್ವ ಮಲಗ್ಯಾಳ' ಎಂಬ ಸುದ್ದಿ ಕೊನೆಯ ಮನೆ ಮುಟ್ಟುವಾಗ ಏನಾಗಿರಬೇಕೆಂದು ನೀವೇ ಊಹಿಸಿ. ನಾಗವ್ವ ಹತ್ತು ಹೆಂಗಸರೊಂದಿಗೆ ಹಿತ್ತಲ ಬಾಗಿಲಿಂದ ಬಂದು, ನನ್ನನ್ನು ಕೌದಿಯ ಸಮೇತ ಕಂಡು, ಸೆರಗು ಬಾಯಿಗೆ ಹಚ್ಚಿದ್ದಳು.

"ಹೋಗಿಬಿಟ್ಟೆಲ್ಲ ಬೇ ಗೌರವ್ವಾ! ಬಾಯಿಲ್ಲದ ಬಂಗಾರ ಇದ್ದಿ. ಮೊನ್ನೆ ಚಾಕ ಕರದು ಹಾಲ ಚೆಲ್ಲಿದಿ, ಅವಾಗ ನನಗ ತಿಳೀಬೇಕಿತ್ತು ಬೇ!"

ಸುಮ್ಮನೆ ಮಲಗಿ ಕೇಳಿದೆ. ನಿಜ ಹೇಳುತ್ತೇನೆ, ಕೇಳಲು ಹಿತವಾಗಿತ್ತು. ಇಷ್ಟು ಹೊಗಳಿಕೆ ನನಗೆ ಯಾರೂ ಕೊಟ್ಟಿರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ತೀರಿಕೊಂಡೇ ಇರೋಣ ಎನ್ನಿಸಿತು.

"ನಿನ್ನ ಸೇವಿಗಿ ಮಣಿ ನಮ್ಮ ಅಟ್ಟದ ಮ್ಯಾಲ ಐತಲ್ಲ ಬೇ, ಇನ್ನ ಯಾರಿಗೆ ಕೊಡಲಿ!"

ಮೂರು ವರ್ಷದಿಂದ ನಾನು ಮನೆಯೆಲ್ಲ ಹುಡುಕಿದ ಮಣೆ. ಎದ್ದು ಕೂತೆ.

"ಅದು ನಿಮ್ಮನ್ಯಾಗ ಐತೇನ?"

ಹೆಂಗಸರು ಚೀರಿ ಒಬ್ಬರ ಮೇಲೊಬ್ಬರು ಬಿದ್ದರು. ಪಡಸಾಲೆಯಲ್ಲಿ ಬೀಗರು ಎದ್ದು ನಿಂತಿದ್ದರು. ಹುಡುಗನ ತಾಯಿಯ ಮುಖ ಬಿಳಿಚಿತ್ತು. "ಕನ್ಯಾ ನೋಡಾಕ ಬಂದಲ್ಲಿ ಅಳೂ ಸಪ್ಪಳ ಕೇಳಿದಿವಿ. ನಡೀರಿ ಭಾವಾರ" ಎಂದು ಕೈಚೀಲ ತೆಗೆದುಕೊಂಡರು. ಸುಷ್ಮಾ ಗೋಡೆಗೆ ಒರಗಿದ್ದಳು. ಅವಳ ಕಣ್ಣು ನನ್ನನ್ನು ಬೈಯುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗಂಡ ಹೋದವಳು ಶುಭಕ್ಕೆ ಮುಂದೆ ಬರಬಾರದೆಂದು ಹನ್ನೊಂದು ವರ್ಷ ನಾನಾಗಿಯೇ ಹಿಂದೆ ನಿಂತಿದ್ದೆ. ಅವತ್ತು ಹೆಗಲ ಮೇಲಿನ ಕೌದಿ ತೆಗೆಯುವುದನ್ನೂ ಮರೆತು ಪಡಸಾಲೆಯ ನಡುವೆ ಹೋಗಿ ನಿಂತೆ. ಸುಷ್ಮಾಳ ಕೈಯಿಂದ ಬಟ್ಟಲು ತೆಗೆದುಕೊಂಡೆ.

"ನಿಂದರ್ರಿ. ಹುಡುಗ ನನಗ ಒಪ್ಪಿಗಿ ಅದಾನ. ನಮ್ಮ ಹುಡುಗಿಗೂ ಮನಸಿಗೆ ಬಂದಾನ. ನಾ ಏನೂ ವಿಚಾರ ಮಾಡಿಲ್ಲರಿ. ಅದು ನನ್ನ ಇಂಗ್ಲಿಷ್ ಅಭ್ಯಾಸದ ಮಾತು. ನನ್ನ ತಪ್ಪಿಗೆ ಕೂಸಿನ್ನ ಬಿಡಬ್ಯಾಡ್ರಿ."

ನಾನು ಕೂಗಿರಲಿಲ್ಲ. ಓಣಿಯಲ್ಲಿ ಒಂದು ಮಗ್ಗದ ಸದ್ದೂ ಇರಲಿಲ್ಲ, ಅಷ್ಟೆ. ನನ್ನ ದನಿ ಬೀದಿಯ ತನಕ ಹೋಯಿತು.

ಆಗ ನಾಗವ್ವ ಬಾಗಿಲಲ್ಲಿ ಮೂಗು ಒರೆಸಿಕೊಂಡು, "ಹೋದಾಕಿ ಎದ್ದ ಬಂದು ಸಕ್ಕರಿ ಕೊಡಾಕತ್ತಾಳ. ಇದಕ್ಕಿಂತ ಛಲೋ ಶಕುನ ಮುಧೋಳದಾಗ ಸಿಗ್ತೈತೇನ್ರಿ?" ಎಂದಳು.

ಹುಡುಗನ ತಾಯಿ ತುಟಿ ಬಿಗಿ ಹಿಡಿದರು. ಹಿಡಿದು ನೋಡಿದರು. ಆಗಲಿಲ್ಲ, ನಕ್ಕುಬಿಟ್ಟರು. ತೆರೆದ ಬಾಯಿಗೆ ನಾನು ಸಕ್ಕರೆ ಹಾಕಿದೆ.

ಹೀಗೆ ನಿಮಗೊಬ್ಬ ಭಾವ ಬಂದ. ಆದರೆ ಮಾಸ್ತರು ಇಂದಿಗೂ ನನ್ನ ತಪ್ಪೊಪ್ಪಿಗೆಯನ್ನು ನಂಬಿಲ್ಲ. ಅದು ನನ್ನ ವಿನಯವಂತೆ. ಅಷ್ಟು ಆಳವಾಗಿ ಯೋಚಿಸುವ ಹೆಂಗಸನ್ನು ಅವರು ಕಂಡಿಲ್ಲವಂತೆ. ಮದುವೆಯ ಸೀರೆ ಹಸಿರೋ ಕೆಂಪೋ, ಊಟಕ್ಕೆ ಬುಂದೆಯೋ ಹೋಳಿಗೆಯೋ, ಎಲ್ಲಕ್ಕೂ ಮುಧೋಳದಿಂದ ಫೋನು ಬರುತ್ತದೆ: "ಅವಸರಿಲ್ಲ, ಅವ್ವಾರು ಒಂದ ನಿದ್ದಿ ಮಾಡಿ ಹೇಳಲಿ." ಎಚ್ಚರ ಇದ್ದಾಗ ಅರವತ್ತಾರು ವರ್ಷ ಯಾರೂ ನನ್ನ ಅಭಿಪ್ರಾಯ ಕೇಳಿರಲಿಲ್ಲ. ಈಗ ಶೋಭಾ ಕೌದಿ ಹಾಸುತ್ತಾಳೆ, ನಾನು ಗಂಭೀರವಾಗಿ ಹೋಗಿ ಮಲಗುತ್ತೇನೆ. ನಿದ್ದೆಯೇನೋ ಚೆನ್ನಾಗಿಯೇ ಬರುತ್ತದೆ. ಅಭಿಪ್ರಾಯ ಮಾತ್ರ ಇನ್ನೂ ಬಂದಿಲ್ಲ.