ಸೊಸೆ ಕಲಿತ ಅಣುಗಳ ಆಕಾರ

ನಮ್ಮ ಮನೆಯಲ್ಲಿ ಯಾರಾದರೂ ಓದಲು ಕುಳಿತರೆ ಏನಾದರೊಂದು ಆಗಿಯೇ ತೀರುತ್ತದೆ. ಆಗಿದ್ದನ್ನು ಅಂದೇ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ನಾನು ಬಿ.ಎಸ್ಸಿ. ಓದಿದ ಕಾಲದಿಂದ ಬಂದ ರೂಢಿ. ಈ ವರ್ಷದ ಪುಟಗಳೆಲ್ಲ ಸೊಸೆಯವು. ನಡುವೆ ಮದುವೆಯಾದ್ದರಿಂದ ಅವಳ ಪದವಿಗೆ ರಸಾಯನಶಾಸ್ತ್ರದ ಮೌಖಿಕ ಪರೀಕ್ಷೆಯೊಂದು ಉಳಿದುಬಿಟ್ಟಿತ್ತು. ಲಿಂಗಸುಗೂರಿನಲ್ಲಿ ಪರೀಕ್ಷೆ, ಇದೇ ಕೊನೆಯ ಅವಕಾಶ.

೧. ನಿಂಬೆಹಣ್ಣು

ಮೀಥೇನ್ ಅಣುವಿನ ಆಕಾರವನ್ನು ಸೊಸೆಗೆ ತೋರಿಸಲು ನಿಂಬೆಹಣ್ಣಿಗೆ ನಾಲ್ಕು ಕಡೆ ಕಸಬರಿಗೆ ಕಡ್ಡಿ ಚುಚ್ಚಿ, ತುದಿಗೆ ನೆನೆದ ಕಡಲೆಕಾಳು ಸಿಕ್ಕಿಸಿ ಕಟ್ಟೆಯ ಮೇಲಿಟ್ಟಿದ್ದೆ. ಪಕ್ಕದ ಮನೆಯಾಕೆ ನೋಡಿ ಹೌಹಾರಿದಳು.

"ಅಕ್ಕಾರ, ನಿಮ್ಮ ಮನಿಗೆ ಯಾರೋ ಮಾಟ ಮಾಡ್ಸ್ಯಾರ."

"ಅದು ಮೀಥೇನ್ ಬೇ. ನಾನೇ ಮಾಡೀನಿ."

ಆಕೆ ಎರಡು ಹೆಜ್ಜೆ ಹಿಂದೆ ಸರಿದಳು. "ಯಾರ ಮ್ಯಾಲ ಮಾಡೀರಿ?"

೨. ಬಲೂನು

ಪುಸ್ತಕದ ಚಿತ್ರದಲ್ಲಿ ಅಣು ಚಪ್ಪಟೆಯಾಗಿದೆಯಲ್ಲ ಎಂದು ಸೊಸೆಯ ಅನುಮಾನ. ನಾಲ್ಕು ಬಲೂನು ಊದಿ ಬುಡ ಸೇರಿಸಿ ಕಟ್ಟಿದೆ. ನೆಲಕ್ಕೆ ಒತ್ತಿ ಬಿಟ್ಟೊಡನೆ ಒಂದು ಮೇಲೆದ್ದು, ನಾಲ್ಕೂ ಆದಷ್ಟು ದೂರ ದೂರ ನಿಂತವು.

"ಎಲೆಕ್ಟ್ರಾನ್ ಜೋಡಿನೂ ಹಿಂಗ. ನಡುವಿನ ಪರಮಾಣು ಬಿಡಂಗಿಲ್ಲ, ಒಂದಕ್ಕೊಂದು ಸೇರಂಗಿಲ್ಲ" ಎಂದೆ.

ನಮ್ಮ ಯಜಮಾನರು ಪೇಪರ್ ಮಡಚಿದರು. "ನಾವು ನಾಲ್ಕು ಮಂದಿ ಅಣ್ಣತಮ್ಮರು ಅವ್ವನ ಸುತ್ತ ಊಟಕ್ಕ ಕುಂತಂಗ ಐತಿ ನೋಡು."

೩. ಟವೆಲ್

ಪರೀಕ್ಷೆಯ ದಿನ ಪ್ರಯೋಗಾಲಯದ ಕಿಟಕಿಯ ಹೊರಗೆ ನಿಂತಿದ್ದೆ. ಪರೀಕ್ಷಕರು ಕೇಳಿದರು: "ಮೀಥೇನ್‌ಗೂ ನಾಲ್ಕು ಜೋಡಿ, ಅಮೋನಿಯಾಕ್ಕೂ ನಾಲ್ಕು ಜೋಡಿ. ಅಮೋನಿಯಾದಾಗ ಹೈಡ್ರೋಜನ್‌ಗಳ ನಡುವಿನ ಕೋನ ಯಾಕ ಕಡಿಮಿ?"

ಸೊಸೆ ಕಿಟಕಿಯ ಕಡೆ ನೋಡಿದಳು.

"ಗೊತ್ತಿಲ್ಲಂದ್ರ ಹೋಗವಾ" ಎಂದು ಅವರು ಪೆನ್ನೆತ್ತಿದರು.

"ಗೊತ್ತೈತ್ರೀ ಸರ್. ಮೂರು ಜೋಡಿ ಹೈಡ್ರೋಜನ್ ಹಿಡಕೊಂಡಾವ. ನಾಲ್ಕನೇದು ಲೋನ್ ಪೇರ್, ಅದರ ತುದಿಗೆ ಯಾರೂ ಇಲ್ಲ. ಆದ್ರ ಅದೇ ಜಾಸ್ತಿ ಜಾಗ ಹಿಡಿತೈತಿ. ಬಸ್ಸಿನಾಗ ಕಿಟಕಿಯಿಂದ ಟವೆಲ್ ಒಗದು ಸೀಟು ಹಿಡಿತಾರಲ್ರೀ, ಹಂಗ. ಮನಶಾ ಕುಂತ್ರ ಒಂದೀಟು ಸರೀತಾನ, ಟವೆಲ್ ಸರಿಯಂಗಿಲ್ಲ. ಉಳದವ್ರು ಒತ್ತಿ ಕುಂದರಬೇಕು."

ಪೆನ್ನು ನಿಂತಿತು. "ನೀರಿನಾಗ?"

"ಎರಡು ಟವೆಲ್ರೀ ಸರ್. ಕೋನ ಇನ್ನೂ ಕಡಿಮಿ."

ಅವರು ಅಂಕ ಬರೆದು, ಸಹಿ ಹಾಕಿ, ಮೊಣಕಾಲು ನೀವಿಕೊಂಡರು.

"ಪಾಸಾದಿ, ಹೋಗವಾ. ನಾ ಬಸ್ಸಿನಾಗ ಸಿಂಧನೂರಿಂದ ಮಸ್ಕಿತನಕ ನಿಂತೇ ಬಂದೀನಿ ಇವತ್ತು. ಮುಂದಿನ ಸೀಟಿನಾಗ ಲೋನ್ ಪೇರ್ ಕುಂತಿತ್ತು."